ಅಪರೂಪದ ರೋಗಿಯ ಗುಟ್ಟು ಯಾರ ಕೈಯಲ್ಲಿ?

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. ಮಲೆನಾಡಿನ ಎಲ್ಲ ಊರುಗಳಂತೆ ಅದೂ ಒಂದು ಊರು. ಆದರೆ ವೈದ್ಯಕೀಯ ಗ್ರಂಥಗಳಲ್ಲಿ ಹಂದಿಗೋಡು ಎಂಬುದು ಊರಿನ ಹೆಸರಲ್ಲ, ಕಾಯಿಲೆಯ ಹೆಸರು. 1970ರ ದಶಕದ ನಡುವಿನಲ್ಲಿ ಈ ಊರಿನ ಹಾಗೂ ಸುತ್ತಮುತ್ತಲಿನ ಕೆಲವು ಕುಟುಂಬಗಳಲ್ಲಿ ಸೊಂಟದ ಕೀಲು, ಮಂಡಿ ಕೀಲುಗಳು ಸವೆದು ನಡೆಯಲೂ ಆಗದಂಥ ಬೇನೆ ಬೆಳಕಿಗೆ ಬಂತು. ಕೆಲವರ ಎತ್ತರವೇ ಕುಗ್ಗಿತ್ತು. ಮೊದಲು ಶಂಕೆ ಹೋದದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯಲ್ಲಿ ಹಿಡಿದು ತಿಂದ ಏಡಿ, ಮೀನುಗಳ ಮೇಲೆ. ಮುಂದೆ ವಂಶಾವಳಿಗಳನ್ನು ಬಿಡಿಸಿ ನೋಡಿದಾಗ ಇದು ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ದೋಷವೆಂದು ತಿಳಿಯಿತು. ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಸಂಶೋಧನಾ ಪ್ರಬಂಧಗಳಲ್ಲಿ ರೋಗಿಗಳ ಹೆಸರು ಹಾಕುವುದಿಲ್ಲ. ಅದು ವೈದ್ಯವೃತ್ತಿಯ ಹಳೆಯ ನೇಮ. ಹಾಗೆಂದು ಇಲ್ಲಿ ಗುಟ್ಟು ಉಳಿಯಿತೆ? ಊರು ಗೊತ್ತು. ಯಾವ ಸಮುದಾಯವೆಂಬುದು ಗೊತ್ತು. ಕಾಯಿಲೆಯಂತೂ ನಡಿಗೆಯಲ್ಲೇ ಕಾಣುತ್ತದೆ. ಇಷ್ಟು ತಿಳಿದ ಮೇಲೆ ಯಾವ ಮನೆ ಎಂದು ಹೇಳಲು ಪಕ್ಕದೂರಿನವನಿಗೆ ಹೆಸರೇ ಬೇಕಿಲ್ಲ. ಹೆಣ್ಣು ಕೇಳಲು ಬರುವವರಿಗೂ ಬೇಕಿಲ್ಲ.

ಅಪರೂಪದ ಕಾಯಿಲೆಗಳ ಸಂಕಟವೇ ಇದು. ಸಕ್ಕರೆ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ರೋಗಿಗಳ ಬರವಿಲ್ಲ. ಹತ್ತು ಸಾವಿರ ಮಂದಿಯ ದಾಖಲೆ ಕೂಡಿಸಿದರೆ ಅದರಲ್ಲಿ ಯಾರು ಯಾರೆಂದು ಪತ್ತೆ ಹಚ್ಚುವುದು ಕಷ್ಟ. ಆದರೆ ದೇಶಕ್ಕೆಲ್ಲ ಐವತ್ತೋ ನೂರೋ ಮಂದಿಗಿರುವ ಕಾಯಿಲೆಯ ಕತೆ ಬೇರೆ. ಅಲ್ಲಿ ಒಬ್ಬೊಬ್ಬ ರೋಗಿಯ ದಾಖಲೆಯೂ ಚಿನ್ನದ ತುಣುಕು. ಮೈಸೂರಿನ ಒಂದು ಮಗುವಿನ ದಾಖಲೆ, ನಾಗಪುರದ ಒಂದು ಮಗುವಿನದು, ಲಂಡನ್ನಿನ ಒಬ್ಬ ಯುವಕನದು ಒಂದೆಡೆ ಸೇರಿದರೆ ಮಾತ್ರ ಕಾಯಿಲೆಯ ಸ್ವರೂಪ ತಿಳಿದೀತು. ಹಾಗೆ ಸೇರಿಸಬೇಕೆಂದರೆ ಅವು ಆಸ್ಪತ್ರೆಯ ಬೀರುವಿನಿಂದ ಹೊರಗೆ ಬರಬೇಕು. ಹೊರಬಂದರೆ, ಅಪರೂಪವೆಂಬ ಕಾರಣಕ್ಕೇ, ಅವು ತಕ್ಷಣ ಗುರುತು ಸಿಕ್ಕಿಬಿಡುತ್ತವೆ. ಯಾವ ದಾಖಲೆ ಹಂಚಿಕೊಳ್ಳಲು ಅತಿ ಅಗತ್ಯವೋ ಅದನ್ನೇ ಹಂಚಿಕೊಳ್ಳುವುದು ಅತಿ ಅಪಾಯ.

ಅಪರೂಪವೆಂದರೂ ಇದು ಸಣ್ಣ ಸಂಗತಿಯಲ್ಲ. ಇಂಥ ಆರು ಸಾವಿರಕ್ಕೂ ಹೆಚ್ಚು ಕಾಯಿಲೆಗಳನ್ನು ಪಟ್ಟಿ ಮಾಡಲಾಗಿದೆ. ಅವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ವಂಶವಾಹಿಗಳಿಗೆ ಸಂಬಂಧಿಸಿದವು. ಎಲ್ಲವನ್ನೂ ಕೂಡಿದರೆ ಜಗತ್ತಿನಲ್ಲಿ 26 ಕೋಟಿಯಿಂದ 44 ಕೋಟಿ ಜನ ಇವುಗಳಲ್ಲಿ ಒಂದಲ್ಲ ಒಂದರಿಂದ ನರಳುತ್ತಿದ್ದಾರೆಂದು ಐರೋಪ್ಯ ಅಧ್ಯಯನವೊಂದು ಲೆಕ್ಕ ಹಾಕಿದೆ. ಒಂದೊಂದೂ ಹನಿ, ಕೂಡಿದರೆ ಕೆರೆ.

ದಾಖಲೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಯೂಟಾ ರಾಜ್ಯದ ಪ್ರಕರಣವೊಂದು ಸಾಕ್ಷಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಬೋಧಿಸುತ್ತಿದ್ದ ಮ್ಯಾಥ್ಯೂ ಮೈಟ್ ಅವರ ಮಗನಿಗೆ ಹುಟ್ಟಿನಿಂದಲೇ ಕಾಯಿಲೆ. ಅತ್ತರೆ ಕಣ್ಣೀರು ಬಾರದು, ಕೈಕಾಲು ಹಿಡಿತಕ್ಕೆ ಸಿಗದು, ಪದೇ ಪದೇ ಸೆಳವು. ವರ್ಷಗಟ್ಟಲೆ ಆಸ್ಪತ್ರೆ ಅಲೆದ ಮೇಲೆ 2012ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎನ್‌ಜಿಎಲ್‌ವೈ-1 ಎಂಬ ವಂಶವಾಹಿ ಕೆಟ್ಟಿರುವುದನ್ನು ಕಂಡುಹಿಡಿದರು. ಆದರೆ ಒಂದೇ ಮಗುವನ್ನು ನೋಡಿ ಇದೇ ಕಾರಣವೆಂದು ಹೇಳುವುದು ಹೇಗೆ? ಇನ್ನೊಬ್ಬ ರೋಗಿ ಬೇಕು. ಆಗ ತಂದೆ ಮಗನ ಕತೆಯನ್ನೆಲ್ಲ, ಹೆಸರು, ಚಿತ್ರಗಳ ಸಮೇತ ಬರೆದು ಇಂಟರ್‌ನೆಟ್ಟಿನಲ್ಲಿ ಹಾಕಿಬಿಟ್ಟರು. ಜಗತ್ತಿನ ಯಾವುದೋ ಮೂಲೆಯಲ್ಲಿ ಇನ್ನೊಂದು ತಾಯಿ ಇದೇ ಲಕ್ಷಣಗಳನ್ನು ಹುಡುಕುತ್ತಾ ಕುಳಿತಿದ್ದರೆ ಕಣ್ಣಿಗೆ ಬೀಳಲಿ ಎಂಬುದು ಲೆಕ್ಕ. ಅದು ತಪ್ಪಲಿಲ್ಲ. ಒಂದೊಂದೇ ಕುಟುಂಬ ಸಿಕ್ಕಿತು. 2014ರಲ್ಲಿ ಎಂಟು ರೋಗಿಗಳನ್ನು ಒಟ್ಟಿಗಿಟ್ಟು ಕಾಯಿಲೆಯನ್ನು ವಿವರಿಸುವ ಪ್ರಬಂಧ ಪ್ರಕಟವಾಯಿತು. ಆ ಹುಡುಗ 2020ರಲ್ಲಿ ತೀರಿಕೊಂಡ. ಆದರೆ ಅವನಿಂದಾಗಿ ಕಾಯಿಲೆಗೆ ಹೆಸರು, ಕುಟುಂಬಗಳಿಗೆ ಒಂದು ಸಂಘ, ಸಂಶೋಧಕರಿಗೆ ಒಂದು ದಾರಿ ಸಿಕ್ಕವು.

ಆ ತಂದೆ ಓದಿದವರು, ಧೈರ್ಯಸ್ಥರು. ಎಲ್ಲರೂ ಹೀಗೆ ಬಾಗಿಲು ತೆರೆದಿಡಬಲ್ಲರೆ? ಮದುವೆಗೆ ಬಂದ ತಂಗಿ ಇರುವ ಮನೆಯವರು? ನೌಕರಿಗೆ ಅರ್ಜಿ ಹಾಕಿದ ಹುಡುಗ? ವಿಮೆಗಾಗಿ ಕಾದಿರುವ ಸಂಸಾರಸ್ಥ? ಸಹರೋಗಿ ಸಿಗಬೇಕೆಂದರೆ ಮನೆಯ ಗುಟ್ಟನ್ನೆಲ್ಲ ಬೀದಿಗಿಡಬೇಕು ಎಂದರೆ ಅದು ಕ್ರೂರ ಚೌಕಾಸಿ.

ಹೆಸರು, ವಿಳಾಸ ಅಳಿಸಿ ಉಳಿದದ್ದನ್ನು ಕೊಟ್ಟರಾಯಿತಲ್ಲ ಎಂದು ಯಾರಿಗೂ ತೋಚುತ್ತದೆ. ಬಹುಕಾಲ ಎಲ್ಲರೂ ಹಾಗೆಯೇ ನಂಬಿದ್ದರು. ಆ ನಂಬಿಕೆಯನ್ನು ಕೆಡವಿದವರು ಲಟಾನ್ಯ ಸ್ವೀನಿ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆರೋಗ್ಯ ವಿಮೆ ನೋಡಿಕೊಳ್ಳುವ ಆಯೋಗ ಸುಮಾರು 1 ಲಕ್ಷ 35 ಸಾವಿರ ಮಂದಿಯ ಆಸ್ಪತ್ರೆ ದಾಖಲೆಗಳನ್ನು, ಹೆಸರು ತೆಗೆದು, ಸಂಶೋಧಕರಿಗೆ ಕೊಟ್ಟಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಸ್ವೀನಿ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು 20 ಡಾಲರ್ ಕೊಟ್ಟು ಕೊಂಡರು. ಎರಡೂ ಕಡೆ ಇದ್ದದ್ದು ಮೂರು ಸಂಗತಿ: ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಂಚೆಯ ಪಿನ್ ಕೋಡ್. ಆ ಊರಿನವರೇ ಆಗಿದ್ದ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಅದೇ ಪಿನ್ ಕೋಡಿನವರು ಒಬ್ಬರೇ! ಹೆಸರಿಲ್ಲದ ದಾಖಲೆಗಳ ರಾಶಿಯಿಂದ ಗವರ್ನರರ ಕಾಯಿಲೆ, ಔಷಧಿಗಳ ಚೀಟಿ ಕೈಗೆ ಬಂತು. ಈ ಮೂರೇ ಸಂಗತಿಗಳಿಂದ ಅಮೆರಿಕದ ನೂರರಲ್ಲಿ 87 ಮಂದಿಯನ್ನು ಬೇರೆ ಮಾಡಿ ತೋರಿಸಬಹುದೆಂದು ಅವರು ಹೇಳಿದರು. 2006ರ ಇನ್ನೊಂದು ಲೆಕ್ಕ ಅದನ್ನು 63ಕ್ಕೆ ಇಳಿಸಿತು. 63 ಆದರೂ ಕಡಿಮೆಯೇನಲ್ಲ.

ಆಮೇಲೆ ಅಮೆರಿಕದ ಕಾನೂನು ಬಿಗಿಯಾಯಿತು. ದಾಖಲೆಯಿಂದ ಅಳಿಸಬೇಕಾದ 18 ಬಗೆಯ ಗುರುತುಗಳನ್ನು ಪಟ್ಟಿ ಮಾಡಿದರು. ಪಿನ್ ಕೋಡಿನ ಮೊದಲ ಮೂರು ಅಂಕಿ ಮಾತ್ರ ಉಳಿಸಬಹುದು, ಅದೂ ಅಷ್ಟು ಪ್ರದೇಶದಲ್ಲಿ 20 ಸಾವಿರಕ್ಕಿಂತ ಹೆಚ್ಚು ಜನರಿದ್ದರೆ. ಸಾಮಾನ್ಯ ರೋಗಿಗೆ ಇದು ಒಳ್ಳೆಯ ಕಂಬಳಿ. ಅಪರೂಪದ ರೋಗಿಗೆ? ಹತ್ತು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ಎಂದಿಟ್ಟುಕೊಳ್ಳಿ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅಂದರೆ ಇಡೀ ರಾಜ್ಯದಲ್ಲಿ ಅಂಥ ರೋಗಿಗಳು ಸುಮಾರು 61. ಮೂವತ್ತೊಂದು ಜಿಲ್ಲೆಗೆ ಹಂಚಿದರೆ ಜಿಲ್ಲೆಗಿಬ್ಬರು. ಗಂಡು, ಹೆಣ್ಣು ಎಂದು ವಿಂಗಡಿಸಿದರೆ ಒಬ್ಬೊಬ್ಬರೇ. ಊರು ಬೇಡ, ವಯಸ್ಸೂ ಬೇಡ, ಜಿಲ್ಲೆಯ ಹೆಸರೊಂದೇ ಸಾಕು, ಕಂಬಳಿ ಜಾರಿ ಬೀಳುತ್ತದೆ. ಅಪರೂಪದ ರೋಗಿಗೆ ಕಾಯಿಲೆಯೇ ವಿಳಾಸ.

ಹಾಗಾದರೆ ಎಲ್ಲವನ್ನೂ ಅಳಿಸಿಬಿಡೋಣವೆಂದರೆ ಇನ್ನೊಂದು ತೊಡಕು. ಇಂಥ ರೋಗಿಗಳು ಒಂದೇ ಆಸ್ಪತ್ರೆಯಲ್ಲಿ ನಿಲ್ಲುವವರಲ್ಲ. ಕಾಯಿಲೆ ಏನೆಂದು ಯಾರೂ ಹೇಳದಿದ್ದಾಗ ಊರೂರು ಅಲೆಯುತ್ತಾರೆ. ಐದು ಆಸ್ಪತ್ರೆ ಅಲೆದ ಒಂದು ಮಗು ಲೆಕ್ಕದಲ್ಲಿ ಐದು ಮಕ್ಕಳಾಗಿ ಕೂರುತ್ತದೆ. ಸಾವಿರಾರು ರೋಗಿಗಳ ನಡುವೆ ಈ ತಪ್ಪು ಮುಚ್ಚಿಹೋದೀತು. ಒಟ್ಟು ಇರುವುದೇ ಹತ್ತು ಮಂದಿ ಎಂದಾಗ ಲೆಕ್ಕವೇ ತಲೆಕೆಳಗು. ಜೊತೆಗೆ ಒಂದು ಕಡೆ ಎಕ್ಸ್‌ರೇ, ಮತ್ತೊಂದು ಕಡೆ ರಕ್ತಪರೀಕ್ಷೆ, ಇನ್ನೊಂದು ಕಡೆ ವಂಶವಾಹಿ ಪರೀಕ್ಷೆ. ಇವೆಲ್ಲ ಒಬ್ಬರದೇ ಎಂದು ತಿಳಿದರೆ ತಾನೆ ಪ್ರಯೋಜನ? ಯಾರೆಂದು ತಿಳಿಯಬಾರದು, ಆದರೆ ಎರಡೂ ಒಬ್ಬರೇ ಎಂದು ತಿಳಿಯಬೇಕು! ಒಗಟಿನಂತಿರುವ ಈ ಕೆಲಸವನ್ನು ಗಣಿತಜ್ಞರು ಮಾಡಿ ತೋರಿಸಿದ್ದಾರೆ.

ರಾಗಿ ಬೀಸುವ ಕಲ್ಲನ್ನು ನೆನೆಸಿಕೊಳ್ಳಿ. ಕಾಳು ಹಾಕಿದರೆ ಹಿಟ್ಟು ಬರುತ್ತದೆ. ಹಿಟ್ಟಿನಿಂದ ಮತ್ತೆ ಕಾಳು ಮಾಡಲಾಗದು. ಅಂಥದೇ ಒಂದು ಗಣಿತದ ಕಲ್ಲಿಗೆ ರೋಗಿಯ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಲಿಂಗ ಇವನ್ನು ಹಾಕಿದರೆ ಅರ್ಥವಿಲ್ಲದ ಅಕ್ಷರ, ಅಂಕಿಗಳ ಸಾಲೊಂದು ಬೀಳುತ್ತದೆ. ಅದೇ ವಿವರ ಹಾಕಿದರೆ ಎಲ್ಲಿ ಬೀಸಿದರೂ ಅದೇ ಸಾಲು. ಆ ಸಾಲಿನಿಂದ ಹಿಂದಕ್ಕೆ ಹೋಗಿ ಹೆಸರು ತೆಗೆಯಲಾಗದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮೊದಲು ಆಟಿಸಂ ಸಂಶೋಧನೆಗೆಂದು ಈ ಏರ್ಪಾಡು ಮಾಡಿತು, ಆಮೇಲೆ ಅಪರೂಪದ ಕಾಯಿಲೆಗಳಿಗೂ ತಂದಿತು. ಬೀಸುವ ಕೆಲಸ ನಡೆಯುವುದು ಆಸ್ಪತ್ರೆಯ ಕಂಪ್ಯೂಟರಿನಲ್ಲೇ. ಹೆಸರು ಆಸ್ಪತ್ರೆಯ ಹೊಸ್ತಿಲು ದಾಟುವುದಿಲ್ಲ. ಕೇಂದ್ರಕ್ಕೆ ಹೋಗುವುದು ಹಿಟ್ಟು ಮಾತ್ರ. ಕೇಂದ್ರ ತನ್ನಲ್ಲಿರುವ ಸಾಲುಗಳೊಂದಿಗೆ ಹೋಲಿಸಿ, ಹೊಸಬರಾದರೆ ಮನಸ್ಸಿಗೆ ಬಂದ ಒಂದು ಸಂಖ್ಯೆ ಕೊಡುತ್ತದೆ. ಹಳಬರಾದರೆ ಹಿಂದೆ ಕೊಟ್ಟ ಸಂಖ್ಯೆಯನ್ನೇ ಕೊಡುತ್ತದೆ. ಎರಡು ಆಸ್ಪತ್ರೆಗಳ ದಾಖಲೆಗೆ ಒಂದೇ ಸಂಖ್ಯೆ ಬಂದರೆ ಅದು ಒಂದೇ ಮಗು ಎಂದರ್ಥ. ಯೂರೋಪಿನಲ್ಲೂ ಇದಕ್ಕೆ ಹತ್ತಿರದ ಏರ್ಪಾಡು ಇದೆ.

ಆದರೆ ಈ ಕಲ್ಲು ಬಹಳ ಕಟ್ಟುನಿಟ್ಟು. ಒಂದಕ್ಷರ ಬದಲಾದರೂ ಬೇರೆಯೇ ಹಿಟ್ಟು. ನಮ್ಮ ಕಡೆಯ ಹೆಸರುಗಳ ಪಾಡು ಯಾರಿಗೆ ತಿಳಿಯದು? ಲಕ್ಷ್ಮಿ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಒಂದು ಕಡೆ ಇನಿಷಿಯಲ್ಲು ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅದನ್ನೇ ಬಿಡಿಸಿ ತಂದೆಯ ಹೆಸರು. ಹುಟ್ಟಿದ ತಾರೀಕಂತೂ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ತಾರೀಕು. ಇದಕ್ಕೂ ಒಂದು ಉಪಾಯವನ್ನು 2009ರಲ್ಲಿ ಜರ್ಮನಿಯ ರೈನರ್ ಶ್ನೆಲ್ ಮತ್ತು ಸಂಗಡಿಗರು ಸೂಚಿಸಿದರು. ಹೆಸರನ್ನು ಎರಡೆರಡು ಅಕ್ಷರಗಳ ತುಣುಕು ಮಾಡಿ, ಪ್ರತಿ ತುಣುಕಿಗೂ ಒಂದು ಉದ್ದ ಸಾಲಿನ ಕೆಲವು ಮನೆಗಳಲ್ಲಿ ಚುಕ್ಕಿ ಇಡುವುದು. ರಂಗೋಲಿಯ ಚುಕ್ಕಿಯಂತೆ. ಹೆಸರುಗಳು ತುಸು ಬೇರೆಯಾದರೂ ಬಹುಪಾಲು ಚುಕ್ಕಿಗಳು ಒಂದರ ಮೇಲೊಂದು ಕೂರುತ್ತವೆ. ಆಗ ಇವರಿಬ್ಬರೂ ಒಬ್ಬರೇ ಇರಬಹುದೆಂದು ಯಂತ್ರ ಊಹಿಸುತ್ತದೆ, ಹೆಸರನ್ನು ನೋಡದೆಯೇ.

ಎಲ್ಲ ಉಪಾಯಕ್ಕೂ ಪ್ರತಿ ಉಪಾಯವುಂಟು. ಅದೇ ಬೀಸುವ ಕಲ್ಲು, ಜೊತೆಗೊಂದು ಮತದಾರರ ಪಟ್ಟಿ ಇದ್ದವನು ಪಟ್ಟಿಯ ಎಲ್ಲ ಹೆಸರನ್ನೂ ತಾನೇ ಬೀಸಿ, ಯಾವ ಹಿಟ್ಟು ಯಾರದೆಂದು ಹೊಂದಿಸಬಲ್ಲ. ಅದಕ್ಕಾಗಿ ಬೀಸುವ ಮೊದಲು ಒಂದು ಗುಪ್ತಪದ ಬೆರೆಸುತ್ತಾರೆ. ಚುಕ್ಕಿಯ ಉಪಾಯಕ್ಕೂ ಇದೇ ಗತಿ. ಮಂಜುನಾಥನಂಥ ಹೆಸರಿನ ಚುಕ್ಕಿಗಳು ಪದೇ ಪದೇ ಕಾಣುವುದರಿಂದ, ಹೆಚ್ಚು ಸಲ ಬಂದದ್ದೇ ಮಂಜುನಾಥ ಎಂದು ಊಹಿಸುವ ದಾರಿಯನ್ನು 2011ರಲ್ಲೇ ಸಂಶೋಧಕರು ತೋರಿಸಿಕೊಟ್ಟರು. ಬೀಗ ಮಾಡುವವರು, ಮುರಿಯುವವರು ಇಬ್ಬರೂ ಬೆಳೆಯುತ್ತಲೇ ಇದ್ದಾರೆ. ಕೊನೆಗೆ ಪ್ರಶ್ನೆ ಬಂದು ನಿಲ್ಲುವುದು ಗುಪ್ತಪದ ಯಾರ ಬಳಿ ಇದೆ ಎಂಬಲ್ಲಿ.

ದಾಖಲೆಯನ್ನು ಕಳುಹಿಸುವುದೇ ಬೇಡ, ಪ್ರಶ್ನೆಯನ್ನು ಮಾತ್ರ ಕಳುಹಿಸೋಣ ಎಂಬುದು ಇನ್ನೊಂದು ದಾರಿ. 2013ರಲ್ಲಿ ಶುರುವಾದ ಮ್ಯಾಚ್‌ಮೇಕರ್ ಎಕ್ಸ್‌ಚೇಂಜ್ ಎಂಬ ಅಂತರರಾಷ್ಟ್ರೀಯ ಏರ್ಪಾಡು ಹೆಸರಿಗೆ ತಕ್ಕಂತೆ ಸಂಬಂಧ ಕುದುರಿಸುವ ದಲ್ಲಾಳಿ. ನಮ್ಮಲ್ಲಿ ಮೊದಲು ನಕ್ಷತ್ರ, ಗೋತ್ರ ಕೇಳುತ್ತಾರೆ. ಹೊಂದಿದರೆ ಆಮೇಲೆ ವಿಳಾಸ. ಅಲ್ಲಿಯೂ ಹಾಗೆ. ಒಂದು ಊರಿನ ವೈದ್ಯರು ತಮ್ಮ ರೋಗಿಯಲ್ಲಿ ಸಂಶಯ ಬಂದ ವಂಶವಾಹಿಯ ಹೆಸರನ್ನೂ ಕೆಲವು ಲಕ್ಷಣಗಳನ್ನೂ ಕೊಟ್ಟು, ಇಂಥವರು ನಿಮ್ಮಲ್ಲಿದ್ದಾರೆಯೇ ಎಂದು ಕೇಳುತ್ತಾರೆ. ಇದ್ದರೆ ಇಬ್ಬರು ವೈದ್ಯರಿಗೂ ಸುದ್ದಿ ಹೋಗುತ್ತದೆ. ಮುಂದೆ ಮಾತನಾಡುವುದು ಬಿಡುವುದು ಅವರಿಗೆ ಸೇರಿದ್ದು. ಇದರಲ್ಲಿ ಪಾಲುಗೊಂಡ ಜೀನ್‌ಮ್ಯಾಚರ್ ಎಂಬ ಸಂಗ್ರಹದಲ್ಲಂತೂ ಸುಮ್ಮನೆ ಪುಟ ತಿರುವಿ ನೋಡಲು ಯಾರಿಗೂ ಅವಕಾಶವಿಲ್ಲ. ಹೊಂದಿಕೆಯಾದಾಗ ಮಾತ್ರ ಬಾಗಿಲು ತೆರೆಯುತ್ತದೆ. ಯೂಟಾದ ಆ ತಂದೆ ಮಗನ ಚಿತ್ರವನ್ನು ಜಗತ್ತಿಗೆ ತೋರಿಸಿ ಪಡೆದದ್ದನ್ನು ಇಂದು ಒಂದು ಕುಟುಂಬ ಹೆಸರು ಹೇಳದೆಯೇ ಪಡೆಯಬಹುದು. ಲಕ್ಷಣಗಳಿಗೆ ಜಗತ್ತಿನ ಎಲ್ಲ ವೈದ್ಯರೂ ಒಂದೇ ಪದ ಬಳಸಲೆಂದು 2008ರಿಂದ ಬೆಳೆದುಬಂದ ಪದಕೋಶವೊಂದು ಈ ಕೆಲಸಕ್ಕೆ ಬೆನ್ನೆಲುಬು.

ಇಷ್ಟಾದರೂ ಒಂದು ಗುರುತನ್ನು ಬೀಸಿ ಹಿಟ್ಟು ಮಾಡಲಾಗದು. ಅದು ಡಿಎನ್‌ಎ. ಕಾಯಿಲೆಯ ಮೂಲ ಇರುವುದೇ ಅದರಲ್ಲಿ. ಅಳಿಸಿದರೆ ಸಂಶೋಧನೆಯೇ ಇಲ್ಲ. 2013ರಲ್ಲಿ ಯಾನಿವ್ ಎರ್ಲಿಕ್ ಅವರ ತಂಡ ಹೆಸರಿಲ್ಲದೆ ಪ್ರಕಟವಾಗಿದ್ದ ಕೆಲವು ಗಂಡಸರ ಡಿಎನ್‌ಎ ಹಿಡಿದು, ವಂಶವೃಕ್ಷ ಹುಡುಕುವ ಹವ್ಯಾಸಿಗಳ ಸಾರ್ವಜನಿಕ ಸಂಗ್ರಹಗಳೊಂದಿಗೆ ಹೋಲಿಸಿ ಮನೆತನದ ಹೆಸರು ಪತ್ತೆ ಮಾಡಿತು. ಅದರಿಂದ ಮುಂದುವರಿದು ಅವರ ಮನೆಮಂದಿಯೂ ಸೇರಿ ಐವತ್ತರಷ್ಟು ಜನರ ಗುರುತು ಹಿಡಿಯಲಾಯಿತು. ಡಿಎನ್‌ಎ ಒಬ್ಬರ ಆಸ್ತಿಯೂ ಅಲ್ಲ. ಅಣ್ಣ ಒಪ್ಪಿ ಕೊಟ್ಟ ರಕ್ತದ ಹನಿಯಲ್ಲಿ ಕೇಳದೇ ಉಳಿದ ತಂಗಿಯ ಸುದ್ದಿಯೂ, ಇನ್ನೂ ಹುಟ್ಟದ ಮಕ್ಕಳ ಸುದ್ದಿಯೂ ಇರುತ್ತದೆ. ಆದ್ದರಿಂದ ಇಂಥ ದಾಖಲೆಯನ್ನು ಎಲ್ಲರ ಕೈಗೂ ಕೊಡದೆ, ಒಂದು ಕಾವಲಿನ ಕೋಣೆಯಲ್ಲಿಟ್ಟು, ಸಂಶೋಧಕರೇ ಅಲ್ಲಿಗೆ ಬಂದು ಲೆಕ್ಕ ಮಾಡಿಕೊಂಡು ಉತ್ತರವನ್ನಷ್ಟೇ ಒಯ್ಯುವ ಪದ್ಧತಿ ಹಲವು ದೇಶಗಳಲ್ಲಿ ಬಂದಿದೆ.

ನಮ್ಮ ದೇಶದಲ್ಲಿ ಈ ವಿಷಯ ಇನ್ನು ಪುಸ್ತಕದ ಮಾತಲ್ಲ. 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. ಇಂಥ ಕಾಯಿಲೆಗಳು ಎಷ್ಟು ಜನರಿಗಿವೆ ಎಂಬ ಲೆಕ್ಕವೇ ಇಲ್ಲದ್ದರಿಂದ ಸಂಖ್ಯೆಯ ಆಧಾರದ ವ್ಯಾಖ್ಯೆ ಕೊಡಲಾಗದೆಂದು ಅದೇ ನೀತಿ ಒಪ್ಪಿಕೊಂಡಿತು. ಲೆಕ್ಕ ಸಿಗಲೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರೋಗಿಗಳ ರಾಷ್ಟ್ರೀಯ ನೋಂದಣಿ ನಡೆಸುತ್ತಿದೆ. ಗೊತ್ತುಪಡಿಸಿದ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುವವರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಂಥದೊಂದು ಕೇಂದ್ರ. ಇಲ್ಲೊಂದು ಸೂಕ್ಷ್ಮವಿದೆ. ಮಗುವಿನ ಚಿಕಿತ್ಸೆಗೆ ಹಣ ಬೇಕಾದ ತಾಯಿ ಮುಂದೆ ಹಿಡಿದ ಒಪ್ಪಿಗೆ ಪತ್ರಕ್ಕೆಲ್ಲ ಸಹಿ ಹಾಕುತ್ತಾಳೆ. ಓದಿ ಹಾಕಿದಳೆ, ಅದು ಅವಳ ಭಾಷೆಯಲ್ಲಿತ್ತೆ, ಬೇಡವೆನ್ನುವ ಸ್ಥಿತಿಯಲ್ಲಿ ಅವಳಿದ್ದಳೆ? ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಬೇರೆ, ಸಂಶೋಧನೆಗೆ ಕೊಟ್ಟ ಒಪ್ಪಿಗೆ ಬೇರೆ ಎಂದು ಅವಳಿಗೆ ಯಾರಾದರೂ ಹೇಳಿದರೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಿಗೆ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂತು. 2019ರ ಮಸೂದೆಯಲ್ಲಿ ಆರೋಗ್ಯ, ವಂಶವಾಹಿ ಮಾಹಿತಿಗಳಿಗೆ ಸೂಕ್ಷ್ಮ ಮಾಹಿತಿಯೆಂಬ ಬೇರೆ ಸ್ಥಾನವಿತ್ತು. 2023ರ ಕಾಯ್ದೆಯಲ್ಲಿ ಅದಿಲ್ಲ. ಫೋನ್ ನಂಬರಿಗೂ ವಂಶವಾಹಿಯ ದೋಷಕ್ಕೂ ಒಂದೇ ಅಳತೆ. ಸಂಶೋಧನೆಗೆ ಷರತ್ತಿನ ವಿನಾಯಿತಿಯೂ ಇದೆ. ವಿನಾಯಿತಿ ತಪ್ಪಲ್ಲ, ಅದಿಲ್ಲದೆ ಸಂಶೋಧನೆ ನಿಲ್ಲುತ್ತದೆ. ಆದರೆ ದಾಖಲೆ ಯಾರು ತೆರೆದರು, ಯಾವಾಗ, ಯಾಕೆ ಎಂಬ ಲೆಕ್ಕ ರೋಗಿಗೆ ಸಿಗುವಂತಿರಬೇಕು. ಬೀಗದ ಕೀಲಿಕೈ ಹಿಡಿದವರೇ ದಾಖಲೆ ಬಳಸುವವರೂ ಆಗಬಾರದು. ಸಂಶೋಧನೆಯ ಫಲ ಏನಾಯಿತೆಂದು ದಾಖಲೆ ಕೊಟ್ಟ ಮನೆಗೆ ಯಾರಾದರೂ ಬಂದು ಹೇಳಬೇಕು. ಗಣಿತ ಹೆಸರನ್ನು ಮುಚ್ಚಬಲ್ಲದು. ಈ ಮೂರು ಕೆಲಸವನ್ನು ಮನುಷ್ಯರೇ ಮಾಡಬೇಕು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಸಾಂಕ್ರಾಮಿಕ ರೋಗಗಳಿಗೆ ಊರಿನ, ಜನಗಳ ಹೆಸರಿಡಬೇಡಿ ಎಂದು ಸಲಹೆ ಮಾಡಿತು. ಅದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿಗೆ ಆ ಮಾತು ಬಂದದ್ದು ಬಹಳ ತಡವಾಗಿ. ಹಂದಿಗೋಡಿನದು ಸಾಂಕ್ರಾಮಿಕವಲ್ಲ, ಆದ್ದರಿಂದ ಆ ಸಲಹೆ ಅದಕ್ಕೆ ಅನ್ವಯಿಸುವುದೂ ಇಲ್ಲ. ಅಲ್ಲಿನ ಕುಟುಂಬಗಳು ರಕ್ತ ಕೊಟ್ಟವು, ಎಕ್ಸ್‌ರೇಗೆ ನಿಂತವು, ತಾತ ಮುತ್ತಾತಂದಿರ ಹೆಸರು ಹೇಳಿ ವಂಶಾವಳಿ ಬರೆಸಿದವು. ಊರಿನ ಹೆಸರನ್ನು ಕಾಯಿಲೆಗೆ ಇಡಬಹುದೇ ಎಂದು ಯಾರಾದರೂ ಅವರನ್ನು ಕೇಳಿದ್ದರೆ ಅವರು ಏನು ಹೇಳುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಇನ್ನು ಮುಂದೆ ನೋಂದಣಿಗೆ ಬರುವ ರೋಗಿಗಳನ್ನಾದರೂ ಮೊದಲೇ ಕೇಳುವುದು ಒಳ್ಳೆಯದು.